ಏಳನೆಯ ಫೋಟೋ

ಧಾರವಾಡದ ಮಾಳಮಡ್ಡಿಯಲ್ಲಿ ತ್ರ್ಯಂಬಕರಾವ ಮಳಗಿಯವರ ಮನೆ ಯಾವುದು ಎಂದು ಕೇಳಿದರೆ ಜನ ಸ್ವಲ್ಪ ಯೋಚನೆ ಮಾಡುತ್ತಿದ್ದರು. ಫೋಟೋ ತ್ರ್ಯಂಬಕನ ಮನೆ ಅಂದರೆ ಸಾಕು, ಬಾಗಿಲ ತನಕ ಬಂದು ಬಿಟ್ಟು ಹೋಗುತ್ತಿದ್ದರು. ಹೆಸರು ಕೇಳಿದವರು ಏನೋ ದೊಡ್ಡ ಸ್ಟುಡಿಯೋ ಇಟ್ಟ ಮನುಷ್ಯ ಅಂದುಕೊಳ್ಳಬೇಕು. ಸ್ಟುಡಿಯೋನೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಅವನು ಹುಬ್ಬಳ್ಳಿಯ ರೇಲ್ವೆ ಕಾರಖಾನೆಯ ಆಫೀಸಿನಲ್ಲಿ ಕಾರಕೂನ. ಇಡೀ ಜನ್ಮದಲ್ಲಿ ಅವನು ತೆಗೆದದ್ದು ಎಂಟೇ ಎಂಟು ಫೋಟೋ, ಅದೂ ಒಂದೇ ವಾರದೊಳಗೆ. ಒಂಬತ್ತನೆಯದು ಯಾಕೆ ತೆಗೆಯಲಿಲ್ಲ ಎಂದು ಓಣಿಯವರು ಕೇಳಿದಾಗಲೆಲ್ಲ, "ರೀಲು ಭಾಳ ತುಟ್ಟಿ ಆಗ್ಯಾವ್ರಿ" ಎಂದು ಹೇಳಿ ಜಾರಿಕೊಳ್ಳುತ್ತಿದ್ದ. ರೀಲು ತುಟ್ಟಿಯಾದದ್ದು ನಿಜ. ಆದರೆ ಕಾರಣ ಅದಲ್ಲ.

ಕ್ಯಾಮೆರಾದ ಹುಚ್ಚು ಅವನಿಗೆ ಹತ್ತಿದ್ದು ಒಂದು ಪುಸ್ತಕದಿಂದ. ಮುಂಬಯಿಯ ಯಾವುದೋ ಕಂಪನಿ ಟಪಾಲಿನಲ್ಲಿ ಬಿಟ್ಟಿಯಾಗಿ ಕಳಿಸುತ್ತಿದ್ದ ಸಾಮಾನಿನ ಪಟ್ಟಿ ಅದು. ದಿನಾ ಬೆಳಿಗ್ಗೆ ಧಾರವಾಡದಲ್ಲಿ ಗಾಡಿ ಹತ್ತಿ ಕಿಟಕಿಯ ಹತ್ತಿರ ಕೂತು ಅದನ್ನು ತೆರೆಯುತ್ತಿದ್ದ. ನವಲೂರು ಬರುವಷ್ಟರಲ್ಲಿ ಮಡಚುವ ಕ್ಯಾಮೆರಾಗಳ ಪುಟ. ಉಣಕಲ್ಲಿನ ಕೆರೆ ಕಾಣುವ ಹೊತ್ತಿಗೆ ಅದೇ ಪುಟವನ್ನು ಮೂರನೆಯ ಸಲ ಓದುತ್ತಿದ್ದ. ಅದರೊಳಗೆ ಒಂದು ಅವನ ಕಣ್ಣಿಗೆ ಬಿದ್ದಿತ್ತು. ಮಡಚಿದರೆ ಕೋಟಿನ ಕಿಸೆಯಲ್ಲಿ ಕೂಡುವಂಥದ್ದು, ತೆರೆದರೆ ಹಾರ್ಮೋನಿಯಂ ತಿದಿಯ ಹಾಗೆ ಮುಂದೆ ಚಾಚಿಕೊಳ್ಳುವಂಥದ್ದು. ಅದರ ಗಾಜಿನ ಗುಣ, ಎಷ್ಟು ಫೂಟು ದೂರಕ್ಕೆ ಎಷ್ಟು ತಿರುಗಿಸಬೇಕು ಎಂಬುದು, ಎಲ್ಲ ಅವನಿಗೆ ಬಾಯಿಪಾಠ. ಆಫೀಸಿನ ಕಾಗದಗಳನ್ನು ಅಷ್ಟು ಶ್ರದ್ಧೆಯಿಂದ ಓದಿದ್ದರೆ ಹೆಡ್‌ಕ್ಲಾರ್ಕ್ ಆಗಿರುತ್ತಿದ್ದ.

ಹುಚ್ಚಿನ ಹಿಂದೆ ಒಂದು ನೋವಿತ್ತು. ಅವನಿಗೆ ತನ್ನ ತಾಯಿಯ ಮುಖ ಗೊತ್ತಿರಲಿಲ್ಲ. ಒಂದೂವರೆ ವರ್ಷದವನಿದ್ದಾಗ ಆಕೆ ತೀರಿಹೋಗಿದ್ದಳು. ಮನೆಯಲ್ಲಿ ಒಂದು ಚಿತ್ರವೂ ಇರಲಿಲ್ಲ. ಅವ್ವ ಹೇಗಿದ್ದಳು ಎಂದು ಚಿಕ್ಕಂದಿನಲ್ಲಿ ಕೇಳಿದರೆ ಅತ್ಯಾ ಅವನ ಮೂಗು ಹಿಂಡಿ, "ಈ ಮೂಗು ಆಕೀದಽ" ಅನ್ನುತ್ತಿದ್ದಳು. ಮೂಗೊಂದು ಸಿಕ್ಕಿತ್ತು, ಉಳಿದ ಮುಖ ಸಿಗಲಿಲ್ಲ.

ಅತ್ಯಾ ಅಂದರೆ ತಾರಾಬಾಯಿ, ತ್ರ್ಯಂಬಕನ ತಂದೆಯ ಅಕ್ಕ. ಅವನನ್ನು ಸಾಕಿದವಳು ಆಕೆಯೇ. ಪ್ಲೇಗಿನ ವರ್ಷ ಗಂಡ ಹೋದಾಗ ಆಕೆಗೆ ಹದಿನೇಳು. ಆಗಿನ ಪದ್ಧತಿಯಂತೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ತವರಿಗೆ ಕಳಿಸಿದ್ದರು. ತವರಿನಿಂದ ಕೊಟ್ಟದ್ದರಲ್ಲಿ ಆಕೆಯ ಜೊತೆ ತಿರುಗಿ ಬಂದದ್ದು ಒಂದು ಹಿತ್ತಾಳೆಯ ತಂಬಿಗೆ ಮಾತ್ರ. ಆ ತಂಬಿಗೆಯ ನೀರು ಬಿಟ್ಟು ಬೇರೆ ನೀರನ್ನು ಆಕೆ ಕುಡಿಯುತ್ತಿರಲಿಲ್ಲ. ತ್ರ್ಯಂಬಕ ಆರು ವರ್ಷದವನಿದ್ದಾಗ ಸಿಟ್ಟಿನಲ್ಲಿ ಅದನ್ನು ಬಾವಿಯ ಕಟ್ಟೆಗೆ ಎಸೆದಿದ್ದ. ತಂಬಿಗೆಯ ಹೊಟ್ಟೆಯ ಮೇಲೆ ಬಟ್ಟಲಡಿಕೆಯಷ್ಟು ಅಗಲದ ನೆಗ್ಗು ಬಿತ್ತು. ಕಂಚುಗಾರರಿಗೆ ಕೊಟ್ಟು ಸರಿಮಾಡಿಸೋಣ ಎಂದು ತಂದೆ ಅಂದರೆ, "ಇರಲಿ ಬಿಡು, ನಮ್ಮ ತಂಬಿಗಿ ಗುರ್ತು ಹಿಡೀಲಿಕ್ಕೆ ಛಲೋ ಆತು" ಎಂದು ಆಕೆ ನಕ್ಕಿದ್ದಳು.

ಮನೆಯಲ್ಲಿ ಒಂದು ಕನ್ನಡಿ ಇತ್ತು, ತ್ರ್ಯಂಬಕನ ಹೆಂಡತಿ ಇಂದುವಿನದು. ಅದರ ಮುಂದೆ ಹಾಯುವಾಗ ತಾರಾಬಾಯಿ ಮುಖವನ್ನು ಆಚೆ ತಿರುಗಿಸುತ್ತಿದ್ದಳು. ಯಾರೂ ಹೇಳಿದ್ದಲ್ಲ, ಈಗ ಕೇಳುವವರೂ ಇರಲಿಲ್ಲ. ಅಭ್ಯಾಸ ಆಗಿಬಿಟ್ಟಿತ್ತು.

೧೯೩೬ನೆಯ ಇಸವಿಯ ದೀಪಾವಳಿ ಮುಗಿದ ಮೇಲೆ ತ್ರ್ಯಂಬಕ ರೇಲ್ವೆಯವರು ನೌಕರರಿಗೆ ವರ್ಷಕ್ಕೊಮ್ಮೆ ಕೊಡುವ ಬಿಟ್ಟಿ ಪಾಸು ಬರೆಸಿದ. ನಾಸಿಕ ರೋಡಿನ ತನಕ, ಮೂವರಿಗೆ. ಕಾಗದದಲ್ಲಿ ತಾರಾಬಾಯಿಯ ಹೆಸರಿನ ಮುಂದೆ 'ತಾಯಿ' ಎಂದು ಬರೆದ. ಹಾಗೆ ಬರೆಯುವಾಗ ಸುಳ್ಳು ಅಂತ ಅವನಿಗೆ ಅನಿಸಲಿಲ್ಲ. ಐದು ವರ್ಷದವನಿದ್ದಾಗ ಅವನಿಗೆ ಕೆಟ್ಟ ಜ್ವರ ಬಂದು ವೈದ್ಯರು ಕೈ ಬಿಟ್ಟಿದ್ದರಂತೆ. ಆಗ ಅತ್ಯಾ, ಹುಡುಗ ಉಳಿದರೆ ನಾಸಿಕದ ಗೋದಾವರಿಗೆ ಕರೆದುಕೊಂಡು ಬರುತ್ತೇನೆ ಎಂದು ಅವನ ಹೆಸರಿನ ದೇವರಿಗೇ ಹರಕೆ ಹೊತ್ತಿದ್ದಳು. ಹುಡುಗನಿಗೆ ಈಗ ಮೂವತ್ತಮೂರು ವರ್ಷ. ಹರಕೆ ಹಾಗೇ ಉಳಿದಿತ್ತು.

ಪಾಸು ಬಂದ ಸಂಜೆ ಆಕೆ ಪಡಸಾಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ತ್ರ್ಯಂಬಕ ಎದುರಿಗೆ ಬಂದು ಕೂತ.

"ಅತ್ಯಾ, ನಾಸಿಕಕ್ಕ ಹೋಗೂದ್ರಾಗ ಒಂದು ಕ್ಯಾಮೆರಾ ತಗೋಬೇಕಂತ ಮಾಡೇನಿ."

"ತಗೋಪಾ. ನದಿ ತಗಿ, ಗುಡಿ ತಗಿ, ಇಂದೂನ್ನ ತಗಿ. ನನ್ನೊಬ್ಬಾಕಿನ್ನ ಬಿಡು."

"ಒಂದಽ ಒಂದು, ಅತ್ಯಾ."

"ಮೂವತ್ತೆಂಟು ವರ್ಷ ಆತು, ನನ್ನ ಮಾರಿ ನಾನಽ ನೋಡ್ಕೊಂಡಿಲ್ಲ. ನಾ ನೋಡಲಾರದ್ದನ್ನ ಮಂದಿ ಯಾಕ ನೋಡಬೇಕು?"

"ಮಂದಿಗೆ ಯಾರು ತೋರಸ್ತಾರ? ನನಗ ಬೇಕು."

"ನೀ ದಿನಾ ನೋಡ್ತೀಯಲ್ಲ, ಸಾಲದೇನು?" ಆಕೆ ಹತ್ತಿಯನ್ನು ಕೆಳಗಿಟ್ಟಳು. ನಗು ಹೋಗಿತ್ತು. "ಇಲ್ಲೆ ನೋಡು. ಆ ಪೆಟಗಿ ಕಣ್ಣಿಗೆ ಹಚ್ಚಿಕೊಂಡು ನನ್ನ ಕಡೆ ತಿರಗಬ್ಯಾಡ. ಕೈ ಮ್ಯಾಲ ಕೈ ಹಾಕು."

ಆಕೆ ಅಂಗೈ ಚಾಚಿದಳು. ತ್ರ್ಯಂಬಕ ಅದರ ಮೇಲೆ ಕೈಯಿಟ್ಟ. "ಕಣ್ಣಿಗೆ ಹಚ್ಚಿಕೊಂಡು ನಿನ್ನ ಕಡೆ ತಿರಗೂದಿಲ್ಲ" ಅಂದ. ಹೇಳುವಾಗ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಅದು ಬಂದದ್ದು ಮರುದಿನ.

ಹುಬ್ಬಳ್ಳಿಯ ಸ್ಟೇಶನ್ ರಸ್ತೆಯಲ್ಲಿ ಗೌಸಮೊದ್ದೀನರ ಅಂಗಡಿ. ಗಡಿಯಾರ ರಿಪೇರಿ ಮಾಡುತ್ತಿದ್ದರು, ಚಾಳೀಸಿನ ಕನ್ನಡಕ ಮಾರುತ್ತಿದ್ದರು, ಗಾಜಿನ ಕಪಾಟಿನಲ್ಲಿ ನಾಲ್ಕಾರು ಕ್ಯಾಮೆರಾಗಳನ್ನೂ ಇಟ್ಟಿದ್ದರು. ತ್ರ್ಯಂಬಕ ಎರಡು ವರ್ಷದಿಂದ ಸಂಬಳದ ದಿನ ಬಂದು ಆ ಕಪಾಟಿನ ಮುಂದೆ ನಿಂತು ಹೋಗುತ್ತಿದ್ದ. ಆ ದಿನ ಅವನು ಒಳಗೆ ಬಂದು ಸ್ಟೂಲಿನ ಮೇಲೆ ಕೂತಾಗ ಗೌಸಮೊದ್ದೀನರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಗಾಜು ತೆಗೆದು, "ಅಂತೂ ಮುಹೂರ್ತ ಬಂತೇನ್ರಿ ರಾಯರ?" ಎಂದು ನಕ್ಕರು.

ಮಡಚುವ ಕ್ಯಾಮೆರಾವನ್ನು ಬಟ್ಟೆಯ ಮೇಲೆ ಇಟ್ಟು ತೆರೆದು ತೋರಿಸಿದರು. ಮೇಲೆ ಒಂದು ಸಣ್ಣ ತಂತಿಯ ಚೌಕಟ್ಟು ಎದ್ದು ನಿಂತಿತು. "ಇದನ್ನ ಕಣ್ಣಿಗೆ ಹಚ್ಚಿ ನೋಡಬೇಕ್ರಿ. ದೂರ ಎಷ್ಟು ಅಂತ ಅಂದಾಜು ಮಾಡಿ ಇಲ್ಲಿ ತಿರುಗಸ್ರಿ. ಪರವೂರಿಗೆ ಹೋಗಾಕ ಇದಕ್ಕಿಂತ ಛಲೋದು ಇಲ್ರಿ. ಹಗುರ ಐತಿ, ಕಿಸೇದಾಗ ಕೂಡತೈತಿ."

ತ್ರ್ಯಂಬಕ ಅದನ್ನು ಕೈಯಲ್ಲಿ ಹಿಡಿದ. ಎರಡು ವರ್ಷ ಕಂಡ ಕನಸು ಅಂಗೈಯಲ್ಲಿ ತಣ್ಣಗೆ ಕೂತಿತ್ತು. ಕಣ್ಣಿಗೆ ಹಚ್ಚಿದ. ಹಚ್ಚಿದ ಕೂಡಲೇ ನಿನ್ನೆಯ ಮಾತು ನೆನಪಾಯಿತು.

"ಬ್ಯಾರೆ ಏನದ್ರಿ?" ಅಂದ.

ಗೌಸಮೊದ್ದೀನರು ಕೆಳಗಿನಿಂದ ಒಂದು ಕಪ್ಪು ಡಬ್ಬಿ ತೆಗೆದರು. ಗೇಣು ಉದ್ದ, ಇಟ್ಟಿಗೆಯಂಥ ಆಕಾರ, ಚೆಲುವು ಏನೇನೂ ಇಲ್ಲ. "ಇದು ಬಾಕ್ಸ್ ಕ್ಯಾಮೆರಾ. ತಿರುಗಸೂದಿಲ್ಲ ಏನಿಲ್ಲ. ಬಿಸಿಲು ಬೆನ್ನಿಗೆ ಬರೂ ಹಂಗ ನಿಂತು ಈ ಕಡ್ಡಿ ಒತ್ತಿದರ ಮುಗೀತು. ಸಣ್ಣ ಹುಡುಗೂರೂ ತಗೀತಾರ." ಹಾಗೆನ್ನುತ್ತ ಅದನ್ನು ಹೊಟ್ಟೆಯ ಮೇಲೆ ಹಿಡಿದು, ತಲೆ ತಗ್ಗಿಸಿ ಸುಮ್ಮನೆ ನಿಂತರು. ಅವರ ಕೈಯಿಂದ ಏನೋ ಬಿತ್ತು ಅಂದುಕೊಂಡು ತ್ರ್ಯಂಬಕ ನೆಲದ ಮೇಲೆ ಹುಡುಕತೊಡಗಿದ. ಕಟ್ ಎಂದು ಸಪ್ಪಳವಾಯಿತು.

"ನೋಡಿದ್ರೇನು?" ಗೌಸಮೊದ್ದೀನರು ಖುಷಿಯಿಂದ ತಲೆಯೆತ್ತಿದರು. "ರೀಲು ಇದ್ದಿದ್ದರ ನಿಮ್ಮ ಫೋಟೋ ಬಿದ್ದು ಹೋಗತಿತ್ರಿ. ಮ್ಯಾಲಿನ ಈ ಗಾಜಿನ್ಯಾಗ ಎದುರಿನದೆಲ್ಲಾ ಕಾಣತೈತಿ, ತಲಿ ತಗ್ಗಿಸಿ ನೋಡಿದರ ಸಾಕು. ಎದುರಿಗೆ ನಿಂತವರಿಗೆ ಗೊತ್ತಽ ಆಗೂದಿಲ್ಲ."

ಪಾಪ, ಅವರು ಮಾಲು ಮಾರುವ ಮಾತು ಆಡಿದ್ದರು. ತ್ರ್ಯಂಬಕನ ಕಿವಿ ಬಿಸಿಯಾಯಿತು. ಕಣ್ಣಿಗೆ ಹಚ್ಚುವ ಹಾಗಿಲ್ಲ ಅಂತ ತಾನೇ ಅತ್ಯಾ ಮಾತು ತೆಗೆದುಕೊಂಡದ್ದು? ಇದನ್ನು ಕಣ್ಣಿಗೆ ಹಚ್ಚುವ ಪ್ರಶ್ನೆಯೇ ಇಲ್ಲ. ಹನ್ನೆರಡು ವರ್ಷ ಆಫೀಸಿನ ಕಾಗದಗಳಲ್ಲಿ ಸಂದು ಹುಡುಕಿ ರೂಢಿಯಾದ ಬುದ್ಧಿ, ಮನೆಯ ಮಾತಿನಲ್ಲೂ ಸಂದು ಹುಡುಕಿಕೊಂಡಿತು.

"ಇದನ್ನಽ ಕೊಡ್ರಿ."

ಗೌಸಮೊದ್ದೀನರಿಗೆ ಆಶ್ಚರ್ಯವಾಯಿತು. "ಎರಡು ವರ್ಷ ಅದನ್ನ ನೋಡಿ ಹೋದ್ರಿ, ಈಗ ಇದ್ಯಾಕ್ರಿ? ರೊಕ್ಕದ ಸಲುವಾಗಿ ಇದ್ದರ, ನಿಧಾನಕ್ಕ ಕೊಡ್ರಿ."

"ರೊಕ್ಕದ್ದಲ್ರಿ. ಇದು ಸರಳ ಅದ" ಎಂದ ತ್ರ್ಯಂಬಕ. ಆ ಒಳ್ಳೆಯ ಮನುಷ್ಯನ ಮುಖ ನೋಡಲು ಅವನಿಗೆ ಆಗಲಿಲ್ಲ. ತಿರುಗಿ ಬರುವಾಗ ಗಾಡಿಯಲ್ಲಿ ಪಟ್ಟಿಯ ಪುಸ್ತಕ ತೆರೆಯಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮೇಲೆ ಶಲ್ಯ ಮುಚ್ಚಿ ಕೂತ. ಕದ್ದ ಮಾಲಲ್ಲ, ಮುಚ್ಚುವ ಕಾರಣವಿರಲಿಲ್ಲ.

ಒಂದು ರೀಲಿಗೆ ಎಂಟು ಫೋಟೋ. ಮೊದಲನೆಯದು ಧಾರವಾಡ ಸ್ಟೇಶನ್ನಿನಲ್ಲಿ ಇಂದುವಿನದು. ಅವಳು ನಗು ತಡೆಯಲಾಗದೆ ಅಲುಗಾಡಿದಳು. ಪುಣೆಯಲ್ಲಿ ಎರಡು. ನಾಸಿಕಕ್ಕೆ ಬಂದ ದಿನ ಪಂಚವಟಿಯ ಕಡೆಗೆ ಮೂರು. ದಾರಿಯುದ್ದಕ್ಕೂ ತಾರಾಬಾಯಿ ಮನೆಯಿಂದ ತಂದ ಒಣ ಅವಲಕ್ಕಿ, ಬಾಳೆಹಣ್ಣು ಬಿಟ್ಟು ಏನೂ ಮುಟ್ಟಲಿಲ್ಲ. ನೆಗ್ಗಿದ ತಂಬಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಕಿಟಕಿಯ ಹೊರಗೆ ಸರಿದು ಹೋಗುವ ಘಟ್ಟದ ಗುಡ್ಡಗಳನ್ನು ನೋಡಿ ಸಣ್ಣ ಹುಡುಗಿಯ ಹಾಗೆ ಬೆರಗಾಗುತ್ತಿದ್ದಳು. ಮೊದಮೊದಲು ತ್ರ್ಯಂಬಕ ಡಬ್ಬಿ ತೆಗೆದಾಗಲೆಲ್ಲ ಸೆರಗು ಮುಂದೆ ಎಳೆದುಕೊಳ್ಳುತ್ತಿದ್ದಳು. ಆಮೇಲೆ, ಹುಡುಗ ಕೊಟ್ಟ ಮಾತಿಗೆ ನಿಂತಿದ್ದಾನೆ ಎಂದು ಗೊತ್ತಾಗಿ, ಅದರ ಕಡೆ ಲಕ್ಷ್ಯ ಕೊಡುವುದನ್ನೇ ಬಿಟ್ಟಳು. ಅವನು ಕಾಯುತ್ತಿದ್ದದ್ದೂ ಅದನ್ನೇ.

ಎರಡನೆಯ ದಿನ ಬೆಳಿಗ್ಗೆ ಗೋದಾವರಿಯ ಸ್ನಾನಘಟ್ಟ ರಾಮಕುಂಡಕ್ಕೆ ಹೋದರು. ಇಂದು ಹೂವು ತರಲು ಮೇಲೆ ಹೋಗಿದ್ದಳು. ತಾರಾಬಾಯಿ ನೀರಿಗಿಳಿದು ಮೂರು ಸಲ ಮುಳುಗಿದಳು. ತಂಬಿಗೆ ತುಂಬಿಕೊಂಡು ಒಂದೊಂದೇ ಮೆಟ್ಟಿಲು ಹತ್ತತೊಡಗಿದಳು. ತ್ರ್ಯಂಬಕ ಮೇಲಿನ ಮೆಟ್ಟಿಲಿನ ಮೇಲೆ ನಿಂತಿದ್ದ. ಬಿಸಿಲು ಸರಿಯಾಗಿ ಬೆನ್ನಿಗಿತ್ತು. ಶಲ್ಯದ ಮರೆಯಲ್ಲಿ ಡಬ್ಬಿಯನ್ನು ಹೊಟ್ಟೆಗೆ ಆನಿಸಿ ತಲೆ ತಗ್ಗಿಸಿದ.

ಸಣ್ಣ ಗಾಜಿನೊಳಗೆ ಅತ್ಯಾ ಬಂದಳು. ನೆನೆದ ಸೆರಗು ಭಾರವಾಗಿ ತಲೆಯಿಂದ ಜಾರಿ ಹೆಗಲಿಗೆ ಬಿದ್ದಿತ್ತು. ಮೂವತ್ತು ವರ್ಷ ಆಕೆಯ ಕೈಯಲ್ಲಿ ಉಂಡವನು ಆಕೆಯ ಬರಿ ತಲೆಯನ್ನು ಒಂದು ದಿನವೂ ನೋಡಿರಲಿಲ್ಲ. ಆಕೆ ನೋಡಗೊಟ್ಟಿರಲಿಲ್ಲ. ಒತ್ತಬಾರದು ಎಂದು ಅವನಿಗೆ ಗೊತ್ತಾಯಿತು. ಕಣ್ಣು ಮುಚ್ಚಿಕೊಳ್ಳಬೇಕು, ಆಚೆ ತಿರುಗಬೇಕು ಎಂದೂ ಗೊತ್ತಾಯಿತು. ಅಷ್ಟರಲ್ಲಿ ಆಕೆಯ ಬಲಗೈ ಮೇಲೆದ್ದಿತು. ಸೆರಗು ಎಳೆದುಕೊಂಡುಬಿಡುತ್ತಾಳೆ, ಇನ್ನು ಇಂಥ ಗಳಿಗೆ ಸಿಗುವುದಿಲ್ಲ ಎಂಬ ಆತುರದಲ್ಲಿ ಕಡ್ಡಿ ಒತ್ತಿಬಿಟ್ಟ. ನದಿಯ ಗದ್ದಲದಲ್ಲಿ ಆ ಸಪ್ಪಳ ಯಾರಿಗೂ ಕೇಳಿಸಲಿಲ್ಲ.

ತಲೆಯೆತ್ತಿ ನೋಡಿದರೆ ಆಕೆ ಸೆರಗು ಎಳೆದುಕೊಂಡಿರಲಿಲ್ಲ. ಎತ್ತಿದ ಕೈ ಹಾಗೇ ಇತ್ತು. ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ದೀರ್ಘಾಯುಷಿ ಆಗಪಾ" ಅಂದಳು. "ಉಳಿದರ ಗೋದಾವರಿ ದಂಡಿಮ್ಯಾಲ ಹುಡುಗನ ತಲಿ ಬಾಗಸ್ತೀನಂತ ಬೇಡಿಕೊಂಡಿದ್ದೆ. ಮ್ಯಾಲೆ ಬಂದು ನಿನಗ ಹೇಳಬೇಕಂತ ಮಾಡಿದ್ದೆ. ಹೇಳೂದ್ರಾಗಽ ಬಾಗಿಸಿ ನಿಂತಿದ್ದಿ. ಹರಕಿ ಮುಟ್ಟಿತು."

ಇಲ್ಲ ಅತ್ಯಾ, ನಾನು ನಮಸ್ಕಾರ ಮಾಡುತ್ತಿರಲಿಲ್ಲ ಎಂದು ತ್ರ್ಯಂಬಕ ಆಗಲೇ ಹೇಳಬೇಕಾಗಿತ್ತು. ಎರಡು ಮಾತಿನ ಕೆಲಸ. ಬೈದಿದ್ದರೆ ಬೈಯುತ್ತಿದ್ದಳು, ಡಬ್ಬಿಯನ್ನು ನದಿಗೆ ಎಸೆ ಎಂದಿದ್ದರೆ ಎಸೆಯಬಹುದಿತ್ತು. ಆದರೆ ಆಕೆಯ ಮುಖದ ಮೇಲಿನ ಸಂತೋಷವನ್ನು ಕೆಡಿಸಲು ಅವನಿಗೆ ಮನಸ್ಸು ಬರಲಿಲ್ಲ. ಶಲ್ಯವನ್ನು ಇನ್ನಷ್ಟು ಎಳೆದುಕೊಂಡು, ಈಗ ನಿಜವಾಗಿಯೇ ಬಗ್ಗಿ ಆಕೆಯ ಕಾಲು ಮುಟ್ಟಿದ. ಬಗ್ಗುವಾಗ ಡಬ್ಬಿಯ ಮೂಲೆ ಪಕ್ಕೆಲುಬಿಗೆ ಒತ್ತಿತು.

ಎಂಟನೆಯ ಫೋಟೋವನ್ನು ಯಾವುದೋ ಗುಡಿಯ ಮುಂದೆ, ರೀಲು ಮುಗಿಯಲಿ ಎಂದು ತೆಗೆದ. ಯಾವ ಗುಡಿ ಎಂದು ಆಮೇಲೆ ಅವನಿಗೇ ಹೇಳಲು ಬರಲಿಲ್ಲ.

ಊರಿಗೆ ಬಂದ ಮೇಲೆ ನಿಜವಾದ ಶಿಕ್ಷೆ ಶುರುವಾಯಿತು. ಪ್ರಸಾದ ಕೊಡಲು ಹೋದ ಮನೆಯಲ್ಲೆಲ್ಲ ತಾರಾಬಾಯಿ ಆ ಕತೆ ಹೇಳಿದಳು. "ನಾ ಒಂದು ಮಾತು ಆಡಿಲ್ರಿ. ನೀರಾಗಿಂದ ಎದ್ದು ನೋಡತೇನಿ, ನಮ್ಮ ತ್ರ್ಯಂಬಕ ಅಷ್ಟು ಮಂದಿ ಮುಂದ ತಲಿ ಬಾಗಿಸಿ ನಿಂತಾನ. ಈಗಿನ ಹುಡುಗೂರು ಯಾರು ಮಾಡ್ತಾರ?" ಹಿಂದಿನ ಮನೆಯ ಮಂದಾಕಿನಿಬಾಯಿ ತನ್ನ ಗಂಡುಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತ್ರ್ಯಂಬಕನನ್ನು ನೋಡಿ ಕಲಿಯಿರಿ ಎಂದು ಹೇಳಿದಳಂತೆ. ಓಣಿಯ ಹಿರಿಯರು ಅವನು ಹೋಗುವಾಗ ಕಟ್ಟೆಯ ಮೇಲಿಂದ, "ಛಲೋ ಮಗ ಅನಿಸಿಕೊಂಡ್ಯೋ" ಅನ್ನುತ್ತಿದ್ದರು. ತ್ರ್ಯಂಬಕ ನಕ್ಕು ಮುಂದೆ ಹೋಗುತ್ತಿದ್ದ. ಊಟ ಸೇರುತ್ತಿರಲಿಲ್ಲ. ಇಂದು ಮೈಗೆ ಕೈ ಹಚ್ಚಿ ಜ್ವರ ಇದೆಯೇನು ಎಂದು ನೋಡಿದಳು. ಅವಳಿಗೂ ಅವನು ಹೇಳಲಿಲ್ಲ.

ಹದಿನೈದು ದಿನಕ್ಕೆ ಫೋಟೋ ತಯಾರಾದವು. ಗೌಸಮೊದ್ದೀನರು ಲಕೋಟೆಯಿಂದ ಒಂದೊಂದಾಗಿ ತೆಗೆದು ಮೇಜಿನ ಮೇಲೆ ಇಟ್ಟರು. ಅಂಗೈಯಷ್ಟು ಸಣ್ಣ ಕಾಗದಗಳು. ಇಂದುವಿಗೆ ಮುಖವೇ ಇರಲಿಲ್ಲ, ಬರೀ ಮಂಜು. ಪುಣೆಯ ಎರಡೂ ಸೊಟ್ಟ. ಉಳಿದವು ಪರವಾಗಿಲ್ಲ ಅನ್ನುವ ಹಾಗಿದ್ದವು. ಏಳನೆಯದನ್ನು ಇಡುವ ಮೊದಲು ಅವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

"ಎಂಟರಾಗ ಇದೊಂದಽ ಖರೇ ಫೋಟೋ ಬಿದ್ದೈತ್ರಿ ರಾಯರ. ತಾಯಿಯವರೇನ್ರಿ?"

"ಹೌದ್ರಿ" ಅಂದ ತ್ರ್ಯಂಬಕ.

"ಆಶೀರ್ವಾದ ಮಾಡಾಕತ್ತಾರ ನೋಡ್ರಿ. ಪುಣ್ಯವಂತರು ನೀವು. ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡ್ಲೇನು?"

ಬೇಡ ಎಂದು ತಲೆಯಾಡಿಸಿ, ಫೋಟೋಗಳನ್ನು ಕಿಸೆಗೆ ತುಂಬಿಕೊಂಡು ಓಡುವವನ ಹಾಗೆ ಹೊರಗೆ ಬಂದ. ಏಳನೆಯದನ್ನು ಹರಿದು ಹಾಕಬೇಕು ಎಂದು ಸ್ಟೇಶನ್ನಿನ ತನಕ ಅಂದುಕೊಂಡ. ಗಾಡಿ ಬಿಟ್ಟ ಮೇಲೆ ತೆಗೆದು ನೋಡಿದ. ಹರಿಯಲು ಆಗಲಿಲ್ಲ. ಅಂಥ ಮುಖ. ಬರಿ ತಲೆ, ನೆನೆದ ಹಣೆ, ತುಂಬಿ ಬಂದ ಕಣ್ಣು, ಎತ್ತಿದ ಕೈ. ಜಗತ್ತಿನಲ್ಲಿ ಅವನನ್ನು ಹಾಗೆ ನೋಡುವವರು ಬೇರೆ ಯಾರೂ ಇರಲಿಲ್ಲ. ಆ ನೋಟವನ್ನು ಅವನು ಕದ್ದಿದ್ದ. ಎದುರಿನ ಸೀಟಿನವರಿಗೆ ಕಾಣದಂತೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ನವಲೂರು ದಾಟುವಾಗ, ಏನಾದರಾಗಲಿ ಆಕೆಗೆ ತೋರಿಸಿ ತಪ್ಪು ಒಪ್ಪಿಕೊಳ್ಳುತ್ತೇನೆ ಎಂದು ನಿರ್ಧಾರ ಮಾಡಿದ.

ಆದಿತ್ಯವಾರ ಮಧ್ಯಾಹ್ನ ಊಟವಾದ ಮೇಲೆ ತಾರಾಬಾಯಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಇಂದು ಹಿತ್ತಲಲ್ಲಿದ್ದಳು. ತ್ರ್ಯಂಬಕ ಆಕೆಯ ಹತ್ತಿರ ಕೂತು ಒಂದೊಂದೇ ಫೋಟೋ ಕೊಟ್ಟ. ಆಕೆ ದಾರ ಕಟ್ಟಿದ ಚಾಳೀಸು ಹಾಕಿಕೊಂಡು, ಕೈ ದೂರ ಚಾಚಿ ನೋಡಿದಳು. ಇಂದುವಿನ ಮಂಜು ನೋಡಿ ಬಹಳ ನಕ್ಕಳು. ಕೊನೆಗೆ ಅವನು ಏಳನೆಯದನ್ನು ಕೊಟ್ಟ. ಹೇಳಬೇಕಾದ ಮಾತು ನಾಲಿಗೆಯ ಮೇಲಿತ್ತು.

ಆಕೆ ಬಹಳ ಹೊತ್ತು ನೋಡಿದಳು.

"ಯಾರೋ ಈಕಿ?"

ತ್ರ್ಯಂಬಕ ಬೆಚ್ಚಿದ. ಇದೊಂದನ್ನು ಅವನು ಯೋಚಿಸಿರಲಿಲ್ಲ. ಹದಿನೇಳನೆಯ ವರ್ಷಕ್ಕೆ ಕನ್ನಡಿ ಬಿಟ್ಟವಳಿಗೆ ಐವತ್ತೈದರ ಮುಖ ಹೇಗೆ ಗೊತ್ತಿರಬೇಕು? ಆಕೆಯ ನೆನಪಿನಲ್ಲಿ ತನ್ನ ಮುಖ ಇದ್ದದ್ದೇ ಆದರೆ, ಅದು ಜಡೆ ಇದ್ದ ಹುಡುಗಿಯದು.

ಒಪ್ಪಿಕೊಳ್ಳಬೇಕು ಎಂದು ಬಂದವನ ಮುಂದೆ ತಪ್ಪಿಸಿಕೊಳ್ಳುವ ಬಾಗಿಲು ತಾನಾಗಿ ತೆರೆದಿತ್ತು. ಅವನು ಒಳಗೆ ನುಗ್ಗಿಯೇಬಿಟ್ಟ. "ಯಾರೋ ಯಾತ್ರಾಕ್ಕ ಬಂದಾಕಿ, ಅತ್ಯಾ."

"ಅಯ್ಯ ಪಾಪ. ತಲಿ ಮ್ಯಾಲಿನ ಸೆರಗು ಸೈತ ಜಾರೇದ. ನನಗಿಂತ ಹತ್ತು ವರ್ಷ ಹಿರಿಯಾಕಿ ಕಾಣಸ್ತಾಳ. ಆಕೀನ್ನ ಕೇಳಿ ತಗದಿಯೇನು?"

"ಇಲ್ಲ."

"ಕೇಳಬೇಕಾಗಿತ್ತಪಾ. ಹಿಂಗ ಯಾರಾರ ತಗೀತಾರೇನು? ಗೊತ್ತಾದರ ಎಷ್ಟು ನೊಂದುಕೊಳ್ಳಲಿಕ್ಕಿಲ್ಲ ಆಕಿ?"

ಅವನಿಗೆ ನೆಲ ಬಿರಿಯಬಾರದೇ ಅನಿಸಿತು. ಫೋಟೋ ತಿರುಗಿ ತೆಗೆದುಕೊಳ್ಳಲು ಕೈ ಚಾಚಿದ. ಆಕೆ ಕೊಡಲಿಲ್ಲ. ಆಕೆಯ ಕಣ್ಣು ಮುಖವನ್ನು ಬಿಟ್ಟು ಕೆಳಗಿಳಿದಿತ್ತು. ಹೆಬ್ಬೆರಳು ಕಾಗದದ ಒಂದು ಮೂಲೆಯನ್ನು ಮೆಲ್ಲಗೆ ಉಜ್ಜಿತು. ದಿನಾ ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ಉಜ್ಜುವ ಅದೇ ರೀತಿ, ಅದೇ ಬೆರಳು.

ಆಕೆ ಎದ್ದು ಒಳಗೆ ಹೋದಳು. ತಂಬಿಗೆ ಹಿಡಿದುಕೊಂಡು ಬಂದಳು. ಕೂತು, ಅದನ್ನು ತಿರುಗಿಸಿ, ನೆಗ್ಗು ಮುಂದೆ ಬರುವ ಹಾಗೆ ಫೋಟೋದ ಪಕ್ಕದಲ್ಲಿ ಇಟ್ಟಳು.

"ತಂಬಿಗಿ ನಮ್ಮದದ" ಅಂದಳು.

ಆಕೆ ಒಂದು ಕೈಯಿಂದ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು. ಆಮೇಲೆ ಗದ್ದ, ಆಮೇಲೆ ಸೆರಗಿನ ಮೇಲಿಂದಲೇ ತಲೆ.

"ಇಷ್ಟು ಮುದುಕಿ ಆಗೇನೇನೋ?"

"ಅತ್ಯಾ..."

"ಈ ಕೈ ಯಾಕ ಎತ್ತೇನಿ?" ಎಂದು ತನ್ನನ್ನೇ ಕೇಳಿಕೊಂಡಳು. ಕೇಳಿದ ಕೂಡಲೇ ಉತ್ತರ ಹೊಳೆಯಿತು. ಅದು ಹೊಳೆದದ್ದು ಆಕೆಯ ಮುಖದ ಮೇಲೆ ಅವನಿಗೆ ಕಂಡಿತು. "ನೀ ನಮಸ್ಕಾರ ಮಾಡಲಿಕತ್ತೀದಿ ಅಂತ ತಿಳಕೊಂಡಿದ್ದೆ."

"ಕಣ್ಣಿಗೆ ಹಚ್ಚಿರಲಿಲ್ಲ, ಅತ್ಯಾ."

ಅಂದುಬಿಟ್ಟ. ತಪ್ಪಾಯಿತು ಅನ್ನಬೇಕಾದ ಜಾಗದಲ್ಲಿ ಕಾರಕೂನನ ಮಾತು ಬಂತು. ಅದನ್ನು ಹೇಳಿದ್ದಕ್ಕೆ ಅವನು ತನ್ನನ್ನು ಸಾಯುವ ತನಕ ಕ್ಷಮಿಸಿಕೊಳ್ಳಲಿಲ್ಲ.

ತಾರಾಬಾಯಿ ಫೋಟೋದ ಮೇಲಿಂದ ಕಣ್ಣೆತ್ತಿದಳು. "ಹೌದು, ಹಚ್ಚಿರಲಿಲ್ಲ" ಎಂದು ಒಪ್ಪಿಕೊಂಡಳು. ಚಾಳೀಸು ತೆಗೆದು ದಾರ ಸುತ್ತಿದಳು. ಫೋಟೋವನ್ನು ಅವನ ಕೈಗೆ ಕೊಟ್ಟಳು. ಅವನು ಹಿಡಿದುಕೊಳ್ಳದೆ ಅಳತೊಡಗಿದಾಗ, ಅದನ್ನು ಅವನ ಅಂಗಿಯ ಕಿಸೆಯಲ್ಲಿ ತಾನೇ ಇಟ್ಟಳು.

"ಇಟ್ಕೋ. ಆಶೀರ್ವಾದ ನಿನಗಽ ಮಾಡಿದ್ದು. ಅದನ್ನ ತಿರುಗಿ ತಗೊಳ್ಳಿಕ್ಕೆ ಬರೂದಿಲ್ಲ. ಮಂದಿಗೆ ತೋರಸಬ್ಯಾಡ, ಅಷ್ಟಽ."

ಬೈಗುಳ ಆಗಿದ್ದರೆ ನಾಲ್ಕು ದಿನಕ್ಕೆ ಮರೆಯಬಹುದಿತ್ತು. ಮರುದಿನವೂ ಆಕೆ ಎಂದಿನಂತೆ ಅವನಿಗೆ ಬಿಸಿ ಭಕ್ಕರಿ ತಟ್ಟಿ ಹಾಕಿದಳು, ಕೋಟಿನ ಗುಂಡಿ ಹಚ್ಚಿಕೊಟ್ಟಳು. ಗೋದಾವರಿಯ ಕತೆಯನ್ನು ಮಾತ್ರ ಹೇಳುವುದನ್ನು ಬಿಟ್ಟಳು. ಇನ್ನೊಮ್ಮೆ ಹೇಳ್ರಿ ಎಂದು ಮಂದಾಕಿನಿಬಾಯಿ ಕೇಳಿದರೆ, "ಎಷ್ಟು ಸಲ ಹೇಳೂದ್ರಿ, ಆತಲ್ಲ" ಎಂದು ಬೇರೆ ಮಾತು ತೆಗೆಯುತ್ತಿದ್ದಳು. ಹೇಳಿದ್ದು ಸುಳ್ಳು ಎಂದು ಒಬ್ಬರ ಮುಂದೆಯೂ ಹೇಳಲಿಲ್ಲ. ಹಾಗಾಗಿ ಓಣಿ ಅವನನ್ನು ಹೊಗಳುತ್ತಲೇ ಇತ್ತು, ಅವನು ಹೊಗಳಿಸಿಕೊಳ್ಳುತ್ತಲೇ ಇರಬೇಕಾಯಿತು. ಕ್ಯಾಮೆರಾವನ್ನು ಅಟ್ಟದ ಮೇಲೆ ಹಾಕಿದ. ಫೋಟೋ ತ್ರ್ಯಂಬಕ ಎಂಬ ಹೆಸರು ಹಾಗೇ ಉಳಿಯಿತು.

ಮರುವರ್ಷದ ದಸರೆಯಲ್ಲಿ ಬನ್ನಿ ಕೊಟ್ಟು ಹಿರಿಯರಿಗೆ ನಮಸ್ಕಾರ ಮಾಡುವ ದಿನ ಬಂತು. ತ್ರ್ಯಂಬಕ ಅತ್ಯಾಳ ಕೈಯಲ್ಲಿ ಬನ್ನಿಯ ಎಲೆ ಕೊಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೂಣು" ಎಂದು ಹೇಳಿ ತಲೆ ಬಾಗಿಸಿದ. ಆಶೀರ್ವಾದ ಬರಲಿಲ್ಲ. ಕಣ್ಣೆತ್ತಿ ನೋಡಿದ. ಆಕೆಯ ಎಡಗೈ ತಲೆಯ ಮೇಲಿನ ಸೆರಗನ್ನು ಬಿಗಿಯಾಗಿ ಹಿಡಿದಿತ್ತು. ನೋಟ ಅವನ ಕೈಗಳ ಮೇಲಿತ್ತು. ಬೇಕೆಂದು ಮಾಡಿದ್ದಲ್ಲ. ಅವನು ನೋಡಿದ್ದು ಗೊತ್ತಾಗಿ ಆಕೆಯೇ ನಾಚಿಕೊಂಡಳು.

ತ್ರ್ಯಂಬಕ ಎರಡೂ ಅಂಗೈ ಅಗಲಿಸಿ ಆಕೆಗೆ ತೋರಿಸಿದ. ಏನೂ ಇರಲಿಲ್ಲ.

"ಹುಚ್ಚ" ಎಂದು ಆಕೆ ನಕ್ಕಳು. ಕಣ್ಣು ಒದ್ದೆಯಾಗಿತ್ತು. ಆಮೇಲೆ ಕೈಯೆತ್ತಿದಳು.

ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಯುಗಾದಿಗೆ, ದಸರೆಗೆ, ಹುಟ್ಟಿದ ದಿನಕ್ಕೆ, ಅವನು ಮೊದಲು ಅಂಗೈ ತೋರಿಸುತ್ತಿದ್ದ, ಆಮೇಲೆ ಬಾಗುತ್ತಿದ್ದ. ಆಕೆ ಎಂದೂ ಕೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ನಾಸಿಕದಿಂದ ಬಂದ ಏಳು ವರ್ಷದ ಮೇಲೆ, ಒಂದು ಮಾಘ ಮಾಸದ ಬೆಳಿಗ್ಗೆ ತಾರಾಬಾಯಿ ತೀರಿಕೊಂಡಳು. ಪಡಸಾಲೆಯಲ್ಲಿ ಮಲಗಿಸಿದ್ದರು. ಓಣಿಯ ಜನ ಸೇರಿದ್ದರು. ಇಂದು ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದಿದ್ದಳು. ಮಂದಾಕಿನಿಬಾಯಿ ಕಣ್ಣು ಒರೆಸಿಕೊಳ್ಳುತ್ತ, "ಫೋಟೋ ತ್ರ್ಯಂಬಕ ಅಂತಾರ ನಿನಗ, ನಿನ್ನ ಅತ್ಯಾಂದು ಒಂದಾದರೂ ಫೋಟೋ ತಗದಿಡಬಾರದಾಗಿತ್ತೇನೋ?" ಎಂದು ಕೇಳಿದಳು.

ಕೋಟಿನ ಒಳಕಿಸೆಯಲ್ಲಿ ಅದು ಇತ್ತು. ಏಳು ವರ್ಷದಿಂದ ಅಲ್ಲೇ ಇತ್ತು.

"ಇಲ್ರಿ. ಆಕಿ ಬ್ಯಾಡ ಅಂದಿದ್ದಳು" ಅಂದ ತ್ರ್ಯಂಬಕ.

ಕೊನೆಯ ನಮಸ್ಕಾರ ಮಾಡು ಎಂದು ಭಟ್ಟರು ಹೇಳಿದರು. ಅವನು ಕೋಟು ತೆಗೆದು ಗೂಟಕ್ಕೆ ಹಾಕಿ ಬಂದು ಆಕೆಯ ತಲೆಯ ಹತ್ತಿರ ಮಂಡಿಯೂರಿ ಕೂತ. ಎರಡೂ ಅಂಗೈ ಅಗಲಿಸಿ ಮುಚ್ಚಿದ ಕಣ್ಣುಗಳ ಮುಂದೆ ಹಿಡಿದ. ಇದು ಯಾವ ಪದ್ಧತಿ ಎಂದು ಭಟ್ಟರಿಗೆ ತಿಳಿಯಲಿಲ್ಲ. ಅವರು ಮಂತ್ರ ನಿಲ್ಲಿಸಿ ಕಾದರು. ತ್ರ್ಯಂಬಕ ಬಹಳ ಹೊತ್ತು ಹಾಗೇ ಹಿಡಿದುಕೊಂಡು ಕೂತಿದ್ದ. ಆಮೇಲೆ ತಲೆ ಬಾಗಿಸಿದ.